ನಾನು ಬರೆದ ಗುರುವಾರ

ಹೋದ ತಿಂಗಳು ಮನೆಗೆ ಹೊಸ ಕಪಾಟು ಮಾಡಿಸಿದೆವು. ಪ್ಲೈವುಡ್ಡಿನದು. ಬಾಗಿಲು ತೆರೆದ ಕೂಡಲೇ ಒಂದು ಖಾರವಾದ ವಾಸನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. "ಹೊಸಾ ಪ್ಲೈವುಡ್ ಅಲ್ಲೇನ್ರೀ ಅಕ್ಕಾರ, ಅಂಟಿನ ವಾಸನಿ. ಹದಿನೈದು ದಿನದಾಗ ಹೋಗ್ತೈತಿ," ಎಂದ ಬಡಗಿ. ಗಂಡ ಕಿಟಕಿ ತೆರೆದ, ಮಗಳು ಮೂಗು ಮುಚ್ಚಿಕೊಂಡು ಓಡಿದಳು. ನಾನು ಮಾತ್ರ ಕಪಾಟಿನ ಮುಂದೆ ಹಾಗೇ ನಿಂತುಬಿಟ್ಟೆ. ಆ ಅಂಟಿನಲ್ಲಿ ಇರುವುದೂ ನಮ್ಮ ಲ್ಯಾಬಿನ ಫಾರ್ಮಾಲಿನ್ ಬಾಟಲಿಯಲ್ಲಿ ಇರುತ್ತಿದ್ದದ್ದೂ ಒಂದೇ. ಹದಿನಾಲ್ಕು ವರ್ಷ ಟೆಕ್ನಿಶಿಯನ್ ಆಗಿ ಆ ವಾಸನೆಯಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಿದವಳು ನಾನು. ನನಗೆ ಅದು ನೆನಪಿಸುವುದು ಹದಿನಾಲ್ಕು ವರ್ಷಗಳನ್ನಲ್ಲ, ಒಂದು ಶ್ರಾವಣದ ಒಂದು ವಾರವನ್ನು.

ಕೊರೋನಾ ಗದ್ದಲ ಮುಗಿದು ಎರಡನೆಯ ಮಳೆಗಾಲ. ಆಗ ನಾನಿದ್ದದ್ದು ದಾಂಡೇಲಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅದು ಈಗಿಲ್ಲ, ಆ ಕಟ್ಟಡದಲ್ಲಿ ಕಾಳಿ ಹೊಳೆಯಲ್ಲಿ ದೋಣಿ ಆಡಲು ಬರುವ ಮಂದಿಗೆ ರೂಮು ಕೊಡುತ್ತಾರೆ. ರಕ್ತ, ಮೂತ್ರ, ಕಫದ ಪರೀಕ್ಷೆ ದಿನದ ಕೆಲಸ. ಗುರುವಾರ ಮಾತ್ರ ಇನ್ನೊಂದು. ಅಂದು ಹುಬ್ಬಳ್ಳಿಯಿಂದ ಹೊಟ್ಟೆಯ ಡಾಕ್ಟರು ಬಂದು ಬಾಯಿಯಿಂದ ಪೈಪು ಇಳಿಸಿ ಎಂಡೋಸ್ಕೋಪಿ ಮಾಡುತ್ತಿದ್ದರು. ಅನುಮಾನ ಬಂದಲ್ಲಿ ಎಳ್ಳುಕಾಳಿನಷ್ಟು ತುಣುಕು ಚಿವುಟಿ ತೆಗೆಯುತ್ತಿದ್ದರು. ಅದನ್ನು ಕೊಳೆಯದಂತೆ ಫಾರ್ಮಾಲಿನ್ನಿಗೆ ಹಾಕಿ, ಬಾಟಲಿಗೆ ಹೆಸರು ಅಂಟಿಸಿ, ಫಾರ್ಮು ತುಂಬಿ, ಐದು ಗಂಟೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ನನ್ನ ಪಾಲಿನ ಕೆಲಸ. ಹುಬ್ಬಳ್ಳಿಯಲ್ಲಿ ಅಲ್ಲಿಯ ಲ್ಯಾಬಿನವರು ಇಳಿಸಿಕೊಳ್ಳುತ್ತಿದ್ದರು.

ನನ್ನ ಅಕ್ಷರ ದುಂಡಗೆ, ಚೆಂದ. ಅದರ ಬಗ್ಗೆ ನನಗೆ ಜಂಬವೂ ಇತ್ತು. ನಾನು ತುಂಬಿದ ಫಾರ್ಮಿನಲ್ಲಿ ಖಾಲಿ ಜಾಗ ಇರುತ್ತಿರಲಿಲ್ಲ, ಕಾಟು ಹೊಡೆದ ಅಕ್ಷರವೂ ಇರುತ್ತಿರಲಿಲ್ಲ. ಡಾಕ್ಟರಿಗೆ ನನ್ನ ಮೇಲೆ ಎಷ್ಟು ನಂಬಿಕೆ ಎಂದರೆ ಖಾಲಿ ಫಾರ್ಮುಗಳ ಕಟ್ಟಿಗೇ ಮೊದಲೇ ಸಹಿ ಮಾಡಿಟ್ಟು ಹೋಗುತ್ತಿದ್ದರು. "ರೇಣುಕಾ ಇದ್ದಾಳಲ್ಲ," ಎನ್ನುತ್ತಿದ್ದರು.

ಶಾಂತವ್ವನನ್ನು ಕರೆದುಕೊಂಡು ಬಂದವನು ಅವಳ ತಮ್ಮ ಬಸಪ್ಪ. ಅಪ್ಪನ ಕಾಲಕ್ಕೆ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದು ದಾಂಡೇಲಿಯಲ್ಲೇ ಬೇರೂರಿದ ಮನೆ ಅವರದು. ಅವನೂ ಅಲ್ಲೇ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಅಕ್ಕನನ್ನು ಹಳಿಯಾಳ ತಾಲೂಕಿನ ಸಾಂಬ್ರಾಣಿಗೆ ಕೊಟ್ಟಿದ್ದರು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷ. ಭತ್ತದ ನಾಟಿಗೆ, ಕಬ್ಬಿನ ಕಳೆಗೆ ಹೋಗಿ ಬದುಕು ನಡೆಸಿದ್ದಳು. ಮೊದಲು ರೊಟ್ಟಿ ಗಂಟಲಿನ ಕೆಳಗೆ ಸಿಕ್ಕಿಕೊಳ್ಳತೊಡಗಿತು. ಅನ್ನಕ್ಕೆ ಬಂದಳು. ಅನ್ನವೂ ಸಿಕ್ಕಿಕೊಂಡಾಗ ಗಂಜಿಗೆ ಬಂದಳು. "ಪಿತ್ತ ಇರಬೇಕಂತ ಆರು ತಿಂಗಳ ಸೋಡಾ ಕುಡದೇನಿ ತಂಗಿ," ಎಂದು ನಗುತ್ತ ಹೇಳಿದಳು. ನಗುವಾಗ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

ಮೊದಲ ಸಲ ತೆಗೆದ ತುಣುಕು ರೋಗದ ಹೆಸರು ಹೇಳಿತು: ಅನ್ನನಾಳ ಹೊಟ್ಟೆಗೆ ಕೂಡುವ ಜಾಗದಲ್ಲಿ ಕ್ಯಾನ್ಸರ್. ಅಲ್ಲಿಗೆ ಆ ತುಣುಕು ಮುಗಿಯಿತು. ಆದರೆ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಗ ಒಂದು ಅಧ್ಯಯನ ನಡೆದಿತ್ತು. ಕೆಲವರ ಗಂಟಿನ ಕಣಗಳ ಮೈಮೇಲೆ ಒಂದು ಬಗೆಯ ಪ್ರೋಟೀನ್ ಹೆಚ್ಚಾಗಿ ಇರುತ್ತದೆ. ಅದು ಇದ್ದರೆ ಅದನ್ನೇ ಹುಡುಕಿಕೊಂಡು ಹೋಗಿ ಹಿಡಿಯುವ ಔಷಧ ಉಂಟು. ಕೀಮೋದ ಜತೆ ಅದನ್ನೂ ಕೊಡುತ್ತಾರೆ. ಇಲ್ಲದಿದ್ದರೆ ಆ ಔಷಧ ಕೊಟ್ಟು ಪ್ರಯೋಜನವಿಲ್ಲ. ಇಂಥ ಗುರುತುಗಳನ್ನು ನೋಡಿ, ಯಾವ ರೋಗಿಗೆ ಯಾವ ಚಿಕಿತ್ಸೆ ನಾಟುತ್ತದೆ, ಯಾರಿಗೆ ನಾಟುವುದಿಲ್ಲ ಎಂದು ಮೊದಲೇ ಹೇಳಲು ಸಾಧ್ಯವೇ ಎಂಬುದು ಅವರ ಹುಡುಕಾಟ. ಗುರುತು ಇದ್ದವರಿಗೆ ಔಷಧವನ್ನು ಅವರೇ ಕೊಡುತ್ತಿದ್ದರು. ಅದಕ್ಕೆ ಇನ್ನೊಂದು ತುಣುಕು ಬೇಕಿತ್ತು.

ಇದನ್ನೆಲ್ಲ ಅಕ್ಕ-ತಮ್ಮ ಇಬ್ಬರಿಗೂ ತಿಳಿಯುವ ಹಾಗೆ ಹೇಳುವ ಕೆಲಸವೂ ನನಗೇ ಬಂತು. "ಕೆಲವರ ಗಂಟಿನ ಮ್ಯಾಲ ಒಂದು ಗುರುತು ಇರ್ತೈತಿ. ಅದು ಇತ್ತಂದ್ರ ಅದಕ್ಕ ಬ್ಯಾರೆ ಔಷಧ ಐತಿ, ಅದು ಚಲೋ ಕೆಲಸ ಮಾಡ್ತೈತಿ," ಎಂದೆ. ಬಸಪ್ಪ ತಲೆ ಆಡಿಸಿದ. ಶಾಂತವ್ವ ಕೇಳಿದ್ದು ಬೇರೆ.

"ನನಗ ಆ ಗುರುತು ಇರದಿದ್ರ ಈ ತುಣುಕು ಕಸಕ್ಕ ಹೋಗ್ತೈತೇನು?"

"ಇಲ್ಲ ಶಾಂತಕ್ಕಾ. ಅದನ್ನೂ ಬರಕೋತಾರ. ಇಂಥವ್ರಿಗೆ ಹಿಂಗಾತು, ಅಂಥವ್ರಿಗೆ ಹಂಗಾತು ಅಂತ ಮುಂದಿನವ್ರಿಗೆ ತಿಳೀತೈತಿ."

"ಹಂಗಾದ್ರ ತಗೊಳ್ರಿ. ಕಳೆ ತೆಗೆಯೂದರಾಗ ಜನ್ಮ ಹೋತು, ಇದಾದ್ರೂ ಯಾರಿಗರ ಉಪಯೋಗ ಆಗ್ಲಿ," ಎಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಎರಡನೆಯ ಸಲ ಪೈಪು ಇಳಿಸುವಾಗ ತುಂಬ ಒದ್ದಾಡಿದಳು. ಹೊರಗೆ ಬಂದು ಬಾಯಿ ಒರೆಸಿಕೊಳ್ಳುತ್ತ, "ತಂಗಿ, ಏನರ ಮಾಡ್ರಿ, ಇನ್ನೊಮ್ಮಿ ಆ ಪೈಪ್ ನುಂಗು ಅನ್ನಬ್ಯಾಡ್ರಿ," ಎಂದಳು. ಆ ಮಾತನ್ನು ನಾನು ಆಮೇಲೆ ಬಹಳ ಉಪಯೋಗಿಸಿಕೊಂಡೆ.

ಅದು ಪಂಚಮಿಗೆ ಮೊದಲಿನ ಗುರುವಾರ. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಹಳಿಯಾಳದ ದಾರಿಯಲ್ಲಿ ಎಲ್ಲೋ ಮರ ಬಿದ್ದು ಐದು ಗಂಟೆಯ ಬಸ್ಸು ಬರಲಿಲ್ಲ. ನರ್ಸಿಂಗ್ ಹೋಮಿನ ಬಾಗಿಲಲ್ಲಿ ರೇನ್‌ಕೋಟ್ ತೊಟ್ಟುಕೊಂಡು ನನ್ನ ಅಣ್ಣ ನಿಂತಿದ್ದ. ನಮ್ಮ ತವರು ಮುಂಡಗೋಡ ತಾಲೂಕಿನ ಸನವಳ್ಳಿ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಯಲು ಅಣ್ಣನೋ ತಮ್ಮನೋ ಬರಲೇಬೇಕು. ಕೊರೋನಾ ಗದ್ದಲದಲ್ಲಿ ಎರಡು ಪಂಚಮಿ ತಪ್ಪಿದ್ದವು, ಹಿಂದಿನ ವರ್ಷ ರಜೆ ಸಿಕ್ಕಿರಲಿಲ್ಲ. "ಲಗೂ ಬಾರವಾ, ಕತ್ತಲಾಗೂದ್ರೊಳಗ ಮುಟ್ಟೂಣು," ಎಂದು ಅವಸರ ಮಾಡುತ್ತಿದ್ದ.

ಬಾಟಲಿ ನನ್ನ ಕೈಯಲ್ಲಿತ್ತು. ಅಧ್ಯಯನದ ಫಾರ್ಮು ಎರಡು ಪುಟ ಉದ್ದ, ಇನ್ನೂ ತುಂಬಿರಲಿಲ್ಲ. ಕೌಂಟರಿನಲ್ಲಿ ಕೂರುವ ಮಂಗಲಾಗೆ ಒಂದು ಮಾತು ಹೇಳಿದ್ದರೆ ಮರುದಿನದ ಬಸ್ಸಿಗೆ ಕೊಡುತ್ತಿದ್ದಳು. ಆದರೆ ಅವಳಿಗೆ ಫಾರ್ಮು ತುಂಬಲು ಬಾರದು, ನಾನೇ ಕೂತು ತುಂಬಬೇಕು, ಅಣ್ಣ ಬಾಗಿಲಲ್ಲಿ ಕಾಯುತ್ತಿದ್ದಾನೆ. ಫಾರ್ಮಾಲಿನ್ನಿನಲ್ಲಿ ಇದೆಯಲ್ಲ, ಕೊಳೆಯುವುದಿಲ್ಲ, ಬಂದು ಕಳಿಸಿದರಾಯಿತು ಎಂದುಕೊಂಡೆ. ಮರೆತು ಹೋದೆ ಎಂದು ಹೇಳಿಕೊಳ್ಳಲು ಎಷ್ಟೋ ಸಲ ಮನಸ್ಸಾಗಿದೆ. ಮರೆತಿರಲಿಲ್ಲ. ಬಾಟಲಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿ ಬೈಕು ಹತ್ತಿದೆ.

ಸನವಳ್ಳಿಯಲ್ಲಿ ಆ ಸಲದ ಪಂಚಮಿ ಬಹಳ ಚೆನ್ನಾಗಿತ್ತು, ಇದನ್ನು ಮುಚ್ಚಿಡುವುದಿಲ್ಲ. ನಾಗಪ್ಪನಿಗೆ ಹಾಲು ಎರೆದೆವು. ಅವ್ವ ಐದು ಥರದ ಉಂಡಿ ಕಟ್ಟಿದ್ದಳು. ಮಾವಿನ ಮರಕ್ಕೆ ಅಣ್ಣ ಜೋಕಾಲಿ ಕಟ್ಟಿದ, ನಾನೂ ವಯಸ್ಸಿನ ಪರಿವೆಯಿಲ್ಲದೆ ಜೀಕಿದೆ. ಸೋಮವಾರ ಹಿಂದಿರುಗಬೇಕಿತ್ತು. ಮಳೆಯ ನೆಪ ಹೇಳಿ ರಜೆ ಬೆಳೆಸಿದೆ. ನಡುವೆ ಒಂದು ಸಲ ಬಾಟಲಿಯ ನೆನಪು ಬಂತು. ಬಂದಷ್ಟೇ ಬೇಗ ಹೋಯಿತು. ಕೆಲಸಕ್ಕೆ ಬಂದದ್ದು ಮುಂದಿನ ಗುರುವಾರ. ಅಲ್ಲಿಗೆ ಏಳು ದಿನ.

ಬಂದವಳೇ ಬಾಟಲಿ ತೆಗೆದು, ಫಾರ್ಮು ಬಿಡಿಸಿ ಕುಳಿತೆ. ಅದರಲ್ಲಿ ಒಂದು ಕಾಲಂ: ತುಣುಕನ್ನು ಫಾರ್ಮಾಲಿನ್ನಿಗೆ ಹಾಕಿದ ದಿನ, ವೇಳೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು. ಆವರೆಗೆ ಎಂದೂ ಓದದಿದ್ದ ಆ ಸಾಲುಗಳನ್ನು ಅಂದು ಓದಿದೆ. ತುಣುಕು ಆರು ಗಂಟೆಗಿಂತ ಕಡಿಮೆ, ಇಲ್ಲವೇ ಮೂರು ದಿನಕ್ಕಿಂತ ಹೆಚ್ಚು ದ್ರಾವಣದಲ್ಲಿ ಇದ್ದರೆ ತಿಳಿಸಿ. ಹೊಸ ತುಣುಕು ಬೇಕಾಗುತ್ತದೆ. ಕೊಳೆಯುವುದಿಲ್ಲ ನಿಜ. ಆದರೆ ಬಹಳ ದಿನ ನೆನೆದರೆ ಕಣದ ಮೈಮೇಲಿನ ಆ ಗುರುತು ಪರೀಕ್ಷೆಗೆ ಹಾಕುವ ಬಣ್ಣವನ್ನು ಹಿಡಿಯದೇ ಹೋಗಬಹುದು. ಇದ್ದದ್ದೂ ಇಲ್ಲದಂತೆ ಕಾಣಬಹುದು.

ನಾನು ಅದನ್ನು ಓದುತ್ತಿದ್ದಾಗಲೇ ಶಾಂತವ್ವ ಒಳಗೆ ಬಂದಳು. ಹಬ್ಬಕ್ಕೆ ತಮ್ಮನ ಮನೆಯಲ್ಲೇ ಉಳಿದಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಶೇಂಗಾ ಉಂಡಿ ತಂಗಿ, ನಿನಗಂತ. ನಾನ ಕಟ್ಟೇನಿ."

"ಯಾಕ ಶಾಂತಕ್ಕಾ, ಈ ಸ್ಥಿತಿಯಾಗ ತ್ರಾಸ ಮಾಡ್ಕೊಂಡ್ರಿ?"

"ನುಂಗಾಕ ಆಗೂದಿಲ್ಲ ಖರೆ. ಕಟ್ಟಾಕ ಏನಾಗೇತಿ? ಕೈ ಗಟ್ಟಿ ಅದಾವ." ಕುರ್ಚಿಯ ಮೇಲೆ ಕೂತು ಸೆರಗಿನಿಂದ ಮುಖದ ನೀರು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಗುರುತಿಂದು ಏನರ ತಿಳೀತೇನು?"

ಬಾಟಲಿ ನನ್ನ ಮೇಜಿನ ಮೇಲೇ ಇತ್ತು, ಒಂದು ರಿಜಿಸ್ಟರಿನ ಹಿಂದೆ. "ಹುಬ್ಬಳ್ಳಿಗೆ ಹೋಗೇತ್ರಿ. ಇನ್ನೂ ಒಂದು ವಾರ, ಹತ್ತು ದಿನ ಆಕ್ಕೈತಿ," ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವಳು ಎದ್ದು ಹೋದ ಮೇಲೆ ಡಬ್ಬಿ ತೆರೆದು ಒಂದು ಉಂಡಿ ತಿಂದೆ. ಪಕ್ಕದ ಕೋಣೆಯಲ್ಲಿ ಡಾಕ್ಟರು ಎಂಡೋಸ್ಕೋಪಿ ಮಾಡುತ್ತಿದ್ದರು, ಅವತ್ತೂ ಗುರುವಾರವಲ್ಲವೇ. ಹತ್ತು ಹೆಜ್ಜೆ ನಡೆದು, ಸರ್, ಹೀಗಾಗಿದೆ ಎಂದಿದ್ದರೆ ಸಾಕಿತ್ತು. ಬೈಯುತ್ತಿದ್ದರು, ಅಷ್ಟೇ. ಶಾಂತವ್ವ ಹೊರಗೆ ಬಾಗಿಲಲ್ಲೇ ಮಳೆ ನಿಲ್ಲಲಿ ಎಂದು ಕಾಯುತ್ತಿದ್ದಳು. ಅವತ್ತೇ ಇನ್ನೊಂದು ತುಣುಕು ತೆಗೆಯಬಹುದಿತ್ತು. ಆಗ ನನಗೆ ನಾನೇ ಹೇಳಿಕೊಂಡದ್ದು: ಪಾಪ, ಇನ್ನೊಮ್ಮೆ ಪೈಪು ನುಂಗಲಾರೆ ಎಂದಿದ್ದಾಳೆ, ಯಾಕೆ ಅವಳಿಗೆ ಆ ಸಂಕಟ? ಕರುಣೆ ಅಂತೆ. ಕರುಣೆಯಲ್ಲ. "ರೇಣುಕಾ ಇದ್ದಾಳಲ್ಲ" ಎಂಬ ಮಾತು ಉಳಿಯಬೇಕಿತ್ತು, ಅಷ್ಟೇ. ಕಾಲಮ್ಮಿನಲ್ಲಿ ಹಿಂದಿನ ಗುರುವಾರದ್ದಲ್ಲ, ಅವತ್ತಿನ ತಾರೀಖು ಬರೆದೆ. ಬೆಳಗ್ಗೆ ಹನ್ನೊಂದೂವರೆ ಎಂದು ವೇಳೆಯನ್ನೂ ಬರೆದೆ. ಎಂದಿನಂತೆ ದುಂಡಗಿನ ಅಕ್ಷರದಲ್ಲಿ. ನಿಜವಾದ ತಾರೀಖಿದ್ದ ಎಂಡೋಸ್ಕೋಪಿಯ ಕಾಗದ ಶಾಂತವ್ವನ ಚೀಲದಲ್ಲಿತ್ತು, ಈ ಫಾರ್ಮು ಹುಬ್ಬಳ್ಳಿಗೆ ಹೋಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಹತ್ತನೆಯ ದಿನಕ್ಕೆ ರಿಪೋರ್ಟು ಬಂತು. ಗುರುತು ಇಲ್ಲ.

ಡಾಕ್ಟರು ಅದನ್ನು ಓದಿ, "ಹಾಗಾದರೆ ಕೀಮೋ ಮಾತ್ರ," ಎಂದು ಬರೆದುಕೊಟ್ಟರು. ಬಸಪ್ಪನ ಮುಖ ಸಣ್ಣದಾಯಿತು. ಶಾಂತವ್ವನೇ ಅವನಿಗೆ ಸಮಾಧಾನ ಹೇಳಿದಳು: "ಇಲ್ಲದ್ದು ಎಲ್ಲಿಂದ ತರಾಕ ಬರ್ತೈತೋ ತಮ್ಮಾ? ಇರೂ ಔಷಧದಾಗ ನೋಡೂಣು." ನಾನು ಅಲ್ಲೇ ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಪರೀಕ್ಷೆಯವರು 'ಹೇಳಲು ಬರುವುದಿಲ್ಲ' ಎಂದು ಬರೆಯಬೇಕಾದ ಕಡೆ 'ಇಲ್ಲ' ಎಂದು ಬರೆಯುವಂತೆ ಮಾಡಿದವಳು ನಾನು ಎಂದು ನನಗೆ ಗೊತ್ತಿತ್ತು. ಗುರುತು ನಿಜವಾಗಿಯೂ ಇಲ್ಲದೇ ಇರಬಹುದಲ್ಲ ಎಂಬ ಒಂದು ಹಗ್ಗ ಕೈಗೆ ಸಿಕ್ಕಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೂರು ವಾರಕ್ಕೊಮ್ಮೆ ಬಸಪ್ಪ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ಯುತ್ತಿದ್ದ. ನಡುವೆ ರಕ್ತ ಪರೀಕ್ಷೆಗೆ ನಮ್ಮಲ್ಲಿಗೇ ಬರುವರು. ಕೂದಲು ಹೋಯಿತು, ತಲೆಗೆ ವಸ್ತ್ರ ಕಟ್ಟಿಕೊಂಡು ಬಂದು, "ಈಗ ಎಣ್ಣಿ ಖರ್ಚಿಲ್ಲ ನೋಡು," ಎಂದು ನಗಿಸುವಳು. ನಾನು ಸೂಜಿ ಚುಚ್ಚುವಾಗ ಅವಳ ಮುಖ ನೋಡುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹಾಲು ಅನ್ನ ಇಳಿಯತೊಡಗಿತು. ನನಗಾದ ಸಂತೋಷ ಅವರ ಮನೆಯವರಿಗೂ ಆಗಿರಲಿಕ್ಕಿಲ್ಲ. ಸಂಕ್ರಾಂತಿಗೆ ಮತ್ತೆ ಗಂಟಲು ಮುಚ್ಚಿತು. ಯುಗಾದಿಗೆ ಮೊದಲೇ ಶಾಂತವ್ವ ತಮ್ಮನ ಮನೆಯಲ್ಲೇ ತೀರಿಕೊಂಡಳು.

ನೋಡಲು ಹೋದಾಗ ಬಸಪ್ಪ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. "ನೀವರ ಭಾಳ ಮಾಡಿದ್ರಿ ಅಕ್ಕಾರ. ಆಕಿ ಕಡೀತನಾ ನಿಮ್ಮ ಹೆಸರ ಹೇಳ್ತಿದ್ಲು," ಎಂದ. ನಾನು ಅತ್ತೆ. ಎಲ್ಲರೂ ನನ್ನನ್ನು ಒಳ್ಳೆಯವಳು ಎಂದುಕೊಂಡರು.

ಎರಡು ವರ್ಷ ಆ ಹಗ್ಗ ಹಿಡಿದುಕೊಂಡೇ ಕಳೆದೆ. ನರ್ಸಿಂಗ್ ಹೋಮ್ ಮುಚ್ಚಿತು, ಹಳಿಯಾಳದ ಒಂದು ಲ್ಯಾಬಿಗೆ ಸೇರಿದೆ. ಅಲ್ಲಿಂದ ನಮ್ಮನ್ನು ಒಂದು ದಿನದ ತರಬೇತಿಗೆ ಹುಬ್ಬಳ್ಳಿಗೆ ಕಳಿಸಿದರು. ಪಾಠ ಹೇಳುವ ಮೇಡಂ ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. ಒಬ್ಬನೇ ರೋಗಿಯ ಒಂದೇ ಗಂಟಿನ ಎರಡು ತುಣುಕು. ವೇಳೆಗೆ ಸರಿಯಾಗಿ ಕಳಿಸಿದ್ದು ಅಚ್ಚ ಕಂದು ಬಣ್ಣ ಹಿಡಿದಿತ್ತು. ಬಹಳ ದಿನ ಫಾರ್ಮಾಲಿನ್ನಿನಲ್ಲಿ ಉಳಿದದ್ದು ಬಿಳಿಚಿಕೊಂಡಿತ್ತು. "ಎಲ್ಲ ತುಣುಕೂ ಹೀಗೆ ಆಗುವುದಿಲ್ಲ, ಕೆಲವು ತಡೆದುಕೊಳ್ಳುತ್ತವೆ. ಆದರೆ ಯಾವುದು ತಡೆದುಕೊಂಡಿದೆ ಎಂದು ನಮಗೆ ಗೊತ್ತಾಗುವುದಿಲ್ಲ. ಆದ್ದರಿಂದ ವೇಳೆ ತಪ್ಪಿದ ತುಣುಕಿನಲ್ಲಿ ಇಲ್ಲ ಎಂದು ಬಂದರೆ ನಂಬಬೇಡಿ, ಇನ್ನೊಂದು ಕೇಳಿ," ಎಂದರು. ಪಕ್ಕದ ಹುಡುಗಿ ಅದನ್ನು ನೋಟ್ಸ್ ಮಾಡಿಕೊಳ್ಳುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಊಟದ ಹೊತ್ತಿನಲ್ಲಿ ಅವರ ಬಳಿ ಹೋಗಿ, ಆ ಔಷಧ ಸಿಕ್ಕರೆ ರೋಗ ವಾಸಿಯಾಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲ, ಬಹಳ ಮಂದಿಗೆ ಕೆಲವು ತಿಂಗಳು ಹೆಚ್ಚು ಸಿಗುತ್ತವೆ ಎಂದರು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಆ ಕೆಲವು ತಿಂಗಳಲ್ಲಿ ಇನ್ನೊಂದು ಪಂಚಮಿ ಬರುತ್ತಿತ್ತು.

ಮರುದಿನ ಆ ಅಧ್ಯಯನ ನಡೆಸಿದ ಆಸ್ಪತ್ರೆಗೆ ಪತ್ರ ಬರೆದೆ. ನಿಜವಾದ ತಾರೀಖು ಬರೆದು, ಸುಳ್ಳು ತಾರೀಖು ನಾನೇ ಬರೆದದ್ದೆಂದು ಒಪ್ಪಿ, ಹೆಸರು ವಿಳಾಸ ಕೊಟ್ಟೆ. ಯಾರಾದರೂ ಕರೆಸಿ ಛೀಮಾರಿ ಹಾಕುತ್ತಾರೆ ಎಂದು ಕಾಯುತ್ತಿದ್ದೆ. ಒಳಗೊಳಗೆ ಅದು ಬೇಕಾಗಿಯೂ ಇತ್ತು. ತಿಂಗಳಾದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ. ಈ ತುಣುಕಿನ ಫಲಿತಾಂಶವನ್ನು ನಂಬುವಂತಿಲ್ಲವಾದ್ದರಿಂದ ಈ ರೋಗಿಯ ದಾಖಲೆಯನ್ನು ಅಧ್ಯಯನದಿಂದ ಕೈಬಿಡಲಾಗಿದೆ. ಯಾರಿಗರ ಉಪಯೋಗ ಆಗ್ಲಿ ಎಂದು ಶಾಂತವ್ವ ಹೆಬ್ಬೆಟ್ಟು ಒತ್ತಿದ್ದು ನನ್ನ ಕಣ್ಣ ಮುಂದೆ. ಅದೂ ಹೋಯಿತು. ಅದನ್ನು ಅಳಿಸಿದ್ದು ಅವರಲ್ಲ, ನಾನು.

ಬಸಪ್ಪನಿಗೆ ಹೇಳದೆ ಇದು ಮುಗಿಯುವುದಿಲ್ಲ ಎಂದು ಗೊತ್ತಿತ್ತು, ಆದರೂ ಹಲವು ತಿಂಗಳು ಹೋಗಲಿಲ್ಲ. ಈ ಕಪಾಟು ಬಂದು, ಮನೆಯೆಲ್ಲ ಆ ವಾಸನೆ ತುಂಬಿದ ಮೇಲೆ ಮೊನ್ನೆ ಭಾನುವಾರ ಹೋದೆ. ಅವನು ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದ. "ಬರ್ರಿ ಬರ್ರಿ ಅಕ್ಕಾರ, ಎಷ್ಟು ದಿನಾ ಆತು," ಎಂದು ಚಾಪೆ ಹಾಸಿದ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ: ಬಸ್ಸು ಬಾರದ್ದು, ಅಣ್ಣ ಬಂದದ್ದು, ಏಳು ದಿನ, ತಾರೀಖು, ಕೊನೆಗೆ ಆಸ್ಪತ್ರೆಯ ಪತ್ರ.

ಅವನು ಚಾಪೆ ಸುತ್ತಿ ಪಕ್ಕಕ್ಕಿಟ್ಟು ಕೇಳಿದ.

"ಅಂದ್ರ ಆಕಿಗೆ ಆ ಗುರುತು ಇತ್ತೋ, ಇಲ್ಲೋ?"

"ಗೊತ್ತಿಲ್ಲ ಅಣ್ಣಾರ."

"ಈಗ ನೋಡಾಕ ಬರೂದಿಲ್ಲೇನು?"

"ಬರೂದಿಲ್ರಿ. ತುಣುಕು ಇನ್ನೂ ಇಟ್ಟಿರ್ತಾರ. ಆದ್ರ ಅದು ಏನ ಹೇಳಿದ್ರೂ ನಂಬಾಕ ಬರೂದಿಲ್ಲ."

ಅವನು ಅಂದ: "ನಾ ಇಷ್ಟು ದಿನ ಹೆಂಗ ಸಮಾಧಾನ ಮಾಡ್ಕೊಂಡಿದ್ದೆ ಗೊತ್ತೇನ್ರಿ? ಆಕಿಗೆ ಆ ಗುರುತ ಇರಲಿಲ್ಲ, ನಾವು ಏನ ಮಾಡಿದ್ರೂ ಅಷ್ಟ ಇತ್ತು, ಅಂತ. ಅದೊಂದು ಉಳದಿತ್ತು."

"ಬೈಯ್ರಿ ಅಣ್ಣಾರ. ನಾಲ್ಕು ಮಂದಿ ಮುಂದ ಬೈಯ್ರಿ."

"ಬೈದ್ರ ನಿಮಗ ಹಗುರ ಆಕ್ಕೈತಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಒಳಗೆ ಹೆಂಡತಿ ಅಡುಗೆ ಮಾಡುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಶಾಂತವ್ವನ ಬಾಯಿಗೆ ಚಮಚದಿಂದ ನೀರು ಬಿಟ್ಟವಳು ಅವಳೇ. ಬಸಪ್ಪ ಆ ಕಡೆ ತಿರುಗಿ, "ಏ, ಒಲಿ ಆರಿಸಿ ಇಲ್ಲಿ ಬಾ. ಅಕ್ಕಾರು ಬಂದಾರ, ಶಾಂತಕ್ಕನ ಸುದ್ದಿ ಹೇಳಾಕ," ಎಂದು ಕೂಗಿದ. ನನ್ನ ಕಡೆ ನೋಡದೆ ಎದ್ದು ಚಪ್ಪಲಿ ಮೆಟ್ಟಿದ.

"ಆಕಿಗೆ ನೀವ ಹೇಳ್ರಿ. ನನ್ನ ಬಾಯಿಲೆ ಆಗೂದಿಲ್ಲ."

ಅವನು ರಸ್ತೆಗೆ ಇಳಿದು ಹೋದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನನ್ನು ನೋಡಿ ನಕ್ಕಳು. ನಾನು ಮತ್ತೆ ಮೊದಲಿನಿಂದ ಹೇಳಿದೆ.